ಗದ್ವಾಲಕ್ಕೆ ಹೋದ ಹಳೇ ಸೀರೆ

ನಾರಾಯಣಪೇಟೆಯ ಮಗ್ಗದ ಗಲ್ಲಿಯಲ್ಲಿ ವಾದಿರಾಜಾಚಾರ್ಯನ ಅಂಗಡಿ ಎಂಟಡಿ ಉದ್ದ, ಆರಡಿ ಅಗಲ. ಬೋರ್ಡು ಮಾತ್ರ ಹತ್ತಡಿ. ಅದು ಎರಡೂ ಕಡೆಗೆ ಚಾಚಿಕೊಂಡು ಪಕ್ಕದ ಅಂಗಡಿಗಳಿಗೂ ಪುಕ್ಕಟೆ ನೆರಳು ಕೊಡುತ್ತಿತ್ತು. ಅದರ ಮೇಲೆ ದಪ್ಪಕ್ಷರದಲ್ಲಿ ಬರೆಸಿದ್ದ: ‘ವಾದಿರಾಜ ಸಾರಿ ಫಿನಿಷಿಂಗ್ ಸೆಂಟರ್. ನಾರಾಯಣಪೇಟೆ, ಮಕ್ತಲ್, ಗದ್ವಾಲ.’

ಬಿಡಿಸಿ ಹೇಳುವುದಾದರೆ, ಸೀರೆಗೆ ಫಾಲ್ ಹಚ್ಚುವುದು, ಸೆರಗಿಗೆ ಕುಚ್ಚು ಕಟ್ಟುವುದು, ಹರಿದದ್ದಕ್ಕೆ ರಫು ಹಾಕುವುದು. ಕೆಲಸದವನೂ ಅವನೇ, ಮಾಲೀಕನೂ ಅವನೇ. ಮಕ್ತಲ್ ಶಾಖೆ ಎಂದರೆ ಅಲ್ಲಿನ ಬಸ್ ಸ್ಟ್ಯಾಂಡಿನ ಎದುರಿಗೆ ತಿರುಪತಿ ಎಂಬವನ ಪಂಕ್ಚರ್ ಅಂಗಡಿ. ಮಕ್ತಲದ ಗಿರಾಕಿಗಳ ಸೀರೆಗಳು ಅಲ್ಲಿ ಟಯರುಗಳ ಮೇಲೆ ಕೂತು ಬಸ್ಸಿಗೆ ಕಾಯುತ್ತಿದ್ದವು. ಗದ್ವಾಲ ಶಾಖೆ ಇನ್ನೂ ಬೋರ್ಡಿನ ಮೇಲಷ್ಟೇ ಇತ್ತು. ಆದರೆ ಪೂಜಾರಿಕೆಯ ಮನೆತನದಲ್ಲಿ ಹುಟ್ಟಿ ಸೂಜಿ ಹಿಡಿದವನಿಗೆ ನೆಂಟರ ಪಂಕ್ತಿಯಲ್ಲಿ ಹೇಳಿಕೊಳ್ಳಲು ಏನಾದರೂ ಬೇಕಲ್ಲ. “ನಮ್ಮದು ಮೂರೂರಿನ ವ್ಯವಹಾರ” ಎಂದು ಅವನು ಹೇಳಿದರೆ ನೆಂಟರು ಇನ್ನೊಂದು ಸೌಟು ಪಾಯಸ ಬಡಿಸಿಕೊಂಡು ಸುಮ್ಮನಾಗುತ್ತಿದ್ದರು.

ಎದುರಿನ ಅಂಗಡಿ ಮಲ್ಲೇಶ್ವರಿಯದು. ಅವಳೂ ಕುಚ್ಚು ಕಟ್ಟುವವಳೇ. ಗಲ್ಲಿಯ ಏಳು ಅಂಗಡಿಯವರು ಸೇರಿ ಒಂದು ಗುಂಪು ಮಾಡಿಕೊಂಡಾಗ ಅವಳೇ ಬಂದು ಕರೆದಿದ್ದಳು.

“ಆಚಾರ್ರೇ, ಒಬ್ರಿಗೆ ಅಡಚಣಿ ಬಂದ್ರ ಇನ್ನೊಬ್ರು ಕೈ ಹಚ್ಚಬೇಕು ಅಂತ ಗುಂಪು ಮಾಡೀವ್ರಿ. ನೀವೂ ಸೇರ್ರಿ.”

“ನಮ್ದು ಮೂರೂರಿನ ವ್ಯವಹಾರ ಐತಿ ಮಲ್ಲೇಶ್ವರಮ್ಮ. ಒಂದು ಗಲ್ಲಿಯಾಗ ಸಿಕ್ಕೊಂಡು ಕೂಡಾಕ ನನಗ ಆಗಂಗಿಲ್ಲ.”

“ಆಯ್ತ್ರಿ. ನಾಲ್ಕನೇ ಊರು ಸೇರಿದ ಮ್ಯಾಲ ಹೇಳ್ರಿ” ಎಂದು ಅವಳು ಹೊರಟುಹೋದಳು. ಅಂದಿನಿಂದ ಇಬ್ಬರೂ ಎದುರುಬದುರು ಕೂತು, ಒಬ್ಬರಿಗೊಬ್ಬರು ಕಾಣದವರ ಹಾಗೆ ಸೂಜಿಗೆ ದಾರ ಪೋಣಿಸುತ್ತಿದ್ದರು.

ಬೋರ್ಡಿಗೆ ತಕ್ಕ ಹಾಗೆ ವಾದಿರಾಜ ಒಂದು ಸಾವಿರ ಬಟ್ಟೆಚೀಲಗಳನ್ನೂ ಅಚ್ಚು ಹಾಕಿಸಿದ್ದ. ಪ್ರತಿ ಚೀಲದ ಮೇಲೂ ಮೂರು ಊರಿನ ಹೆಸರು, ಪಕ್ಕಕ್ಕೆ ಒಂದೊಂದು ಚೌಕ. ಯಾವ ಊರಿಗೆ ಹೋಗಬೇಕೋ ಆ ಚೌಕದಲ್ಲಿ ಪೆನ್ನಿನಿಂದ ಗುರುತು ಹಾಕಿ ಬಸ್ಸಿಗೆ ಕೊಟ್ಟರಾಯಿತು. ವ್ಯವಸ್ಥೆ ಚೊಕ್ಕವಾಗಿತ್ತು. ಗುರುತು ಹಾಕುವವನು ಮಾತ್ರ ವಾದಿರಾಜನಾಗಿದ್ದ.

ಆ ಗುರುವಾರ ಸಂಜೆ ಅವನ ಮುಂದೆ ಎರಡು ಚೀಲಗಳಿದ್ದವು. ಒಂದರಲ್ಲಿ ವಿಜಯಾಬಾಯಿಯವರ ಸೀರೆ. ಈ ವಿಜಯಾಬಾಯಿ ನಿವೃತ್ತ ಹೆಡ್ ಮಾಸ್ತರ್ತಿ. ವಾದಿರಾಜನಿಗೆ ಐದನೆಯ ಇಯತ್ತೆಯಲ್ಲಿ ಕಿವಿ ಹಿಂಡಿದವರು. ಅವರ ಮಗ ರಾಘುವಿಗೆ ಗದ್ವಾಲದ ಹುಡುಗಿ ಕೃಷ್ಣಪ್ರಿಯಾ ಗೊತ್ತಾಗಿದ್ದಳು. ಶುಕ್ರವಾರ ಸಂಜೆ ಆರಕ್ಕೆ ಗದ್ವಾಲದಲ್ಲಿ ನಿಶ್ಚಿತಾರ್ಥ. ಗಂಡಿನ ಮನೆಯಿಂದ ಹೋಗುವ ಸೀರೆ ಗಿಣಿಹಸಿರು ಒಡಲು, ಕುಂಕುಮದ ಅಂಚಿನ ಅಪ್ಪಟ ನಾರಾಯಣಪೇಟೆ. “ಗದ್ವಾಲದವ್ರು ಸೀರಿ ಅಂದ್ರ ತಮ್ಮೂರಿಂದೇ ಅಂತಾರ. ಇದನ್ನ ನೋಡಿ ಬಾಯಿ ಮುಚ್ಚಬೇಕು” ಎಂದು ವಿಜಯಾಬಾಯಿ ಅಪ್ಪಣೆ ಕೊಟ್ಟಿದ್ದರು. ಜೊತೆಯ ಕುಪ್ಪಸದ ಬಟ್ಟೆ ಮೊದಲೇ ಗದ್ವಾಲಕ್ಕೆ ಹೋಗಿ, ಹೊಲಿದು ತಯಾರಾಗಿತ್ತು. ಕುಚ್ಚು ಕಟ್ಟಿದ ಸೀರೆ ಮುಟ್ಟುವುದಷ್ಟೇ ಬಾಕಿ.

ಎರಡನೆಯ ಚೀಲದಲ್ಲಿ ಮಕ್ತಲದ ಸತ್ಯಮ್ಮ ಎಂಬ ಮುದುಕಿಯ ಮದುವೆ ಸೀರೆ. ನಲವತ್ತೈದು ವರ್ಷದ ಹಿಂದೆ ಅದೂ ಹಸಿರೇ ಇತ್ತು. ಈಗ ಒಣಗಿದ ಮೆಂತ್ಯದ ಸೊಪ್ಪಿನ ಬಣ್ಣ. ಎರಡು ಕಡೆ ಹರಿದದ್ದಕ್ಕೆ ವಾದಿರಾಜ ರಫು ಹಾಕಿದ್ದ.

ಗುರುತು ಹಾಕುವ ಹೊತ್ತಿಗೆ ಫೋನ್ ಬಂತು. ಮಾತಾಡುತ್ತಲೇ ಎರಡೂ ಚೀಲಗಳ ಮೇಲೆ ಒಂದೊಂದು ಚೌಕಕ್ಕೆ ಗುರುತು ಹಾಕಿ, ಅವನ್ನು ಬಸ್ಸಿಗೆ ಕೊಟ್ಟು, ನಿಶ್ಚಿಂತೆಯಿಂದ ಮನೆಗೆ ಹೋಗಿ ಉಂಡು ಮಲಗಿದ.

ಶುಕ್ರವಾರ ಬೆಳಿಗ್ಗೆ ಹತ್ತಕ್ಕೆ ಮಕ್ತಲದಿಂದ ತಿರುಪತಿಯ ಫೋನು.

“ಆಚಾರ್ರೇ, ಏನ್ ಕೈ ರೀ ನಿಮ್ದು! ಸತ್ಯಮ್ಮವ್ವ ಚೀಲ ಬಿಚ್ಚಿ ಕಣ್ಣೀರು ಹಾಕ್ಯಾಳ. ಸೀರಿ ಹೊಸಾದ್ರಂಗ ಆಗೈತಂತ!”

ಇಲ್ಲಿ ಯಾರಿಗಾದರೂ ಅನುಮಾನ ಬರಬೇಕಿತ್ತು. ವಾದಿರಾಜನಿಗೆ ಬಂದದ್ದು ಅಭಿಮಾನ. ಎದುರಿನ ಮಲ್ಲೇಶ್ವರಿಗೆ ಕೇಳಲೆಂದು ಬಾಗಿಲಿಗೆ ಬಂದು, ದನಿ ಎತ್ತರಿಸಿ, “ಹಳೇದನ್ನ ಹೊಸಾದು ಮಾಡೋದು ಎಲ್ಲಾರ ಕೈಲೆ ಆಗೂ ಮಾತಲ್ಲ ತಿರುಪತಿ. ಅದಕ್ಕ ಕೈಗುಣ ಬೇಕು” ಎಂದ. ಮಲ್ಲೇಶ್ವರಿ ತಲೆ ಎತ್ತಲಿಲ್ಲ.

ಹತ್ತೂಮುಕ್ಕಾಲಿಗೆ ಮೂರು ಮಂದಿ ಮುದುಕಿಯರು ಗಂಟು ಹೊತ್ತುಕೊಂಡು ಅಂಗಡಿಯೊಳಗೆ ನುಗ್ಗಿದರು. ಮುಂದಾಳು ಪೋಚಮ್ಮ. ಸತ್ಯಮ್ಮನ ಸೀರೆ ಕಂಡ ಕೂಡಲೇ ಮಕ್ತಲದಿಂದ ಸಿಕ್ಕ ಬಸ್ಸಿಗೆ ಬಂದಿದ್ದರು.

“ಅಯ್ಯೋರೇ, ನಮ್ಮವೂ ಹೊಸಾವು ಮಾಡಿಕೊಡ್ರಿ.” ಪೋಚಮ್ಮ ಗಂಟು ಬಿಚ್ಚಿ, ಜಾಳಾಗಿ ಆಚೆಯ ಬೀದಿ ಕಾಣುವಂಥ ಸೀರೆಯೊಂದನ್ನು ಹರವಿದಳು. “ಸತ್ಯಮ್ಮಂದು ಹೆಂಗ ಮಾಡೀರೋ ಹಂಗ. ಗಿಣಿ ಮೈಯಂಥ ಬಣ್ಣ ಬಂದೈತಿ! ಅಂಚು ಕುಂಕುಮ ಸುರದಂಗ. ಕುಚ್ಚು ಬ್ಯಾರೆ ಕಟ್ಟೀರಿ!”

“ಕುಚ್ಚು?” ಎಂದ ವಾದಿರಾಜ. ಸತ್ಯಮ್ಮನ ಸೀರೆಗೆ ಅವನು ಕುಚ್ಚು ಕಟ್ಟಿರಲಿಲ್ಲ.

ಗಿಣಿಹಸಿರು ಮಕ್ತಲದಲ್ಲಿದ್ದರೆ ಗದ್ವಾಲದಲ್ಲಿರುವುದು ಏನು ಎಂಬ ಲೆಕ್ಕ ಅವನ ತಲೆಯಲ್ಲಿ ಇನ್ನೂ ಕೂಡುತ್ತಿರುವಾಗಲೇ ಗಲ್ಲಿಯ ಬಾಯಲ್ಲಿ ಒಂದು ಮಿನಿಬಸ್ಸು ನಿಂತು ಹಾರ್ನ್ ಹೊಡೆಯಿತು. ಇಳಿದವರು ವಿಜಯಾಬಾಯಿ. ಮೈತುಂಬ ರೇಷ್ಮೆ, ಕೈಯಲ್ಲಿ ಪೇಡೆಯ ಡಬ್ಬಿ, ಮುಖದಲ್ಲಿ ಅವನು ಐದನೆಯ ಇಯತ್ತೆಯಲ್ಲಿ ಒಮ್ಮೆಯೂ ಕಾಣದಿದ್ದ ನಗು.

“ವಾದಿರಾಜ, ಬಾಯಿ ತೆಗಿ.”

ತೆಗೆದ. ಪೇಡೆ ಬಂತು.

“ಈಗಷ್ಟೇ ಬೀಗರಿಗೆ ಫೋನ್ ಮಾಡಿದ್ದೆ. ಸೀರಿ ಮುಟ್ಟಿತೇನ್ರಿ ಅಂದೆ. ‘ಮುಟ್ಟೈತ್ರಿ. ನಿಮ್ಮ ಮನಿತನ ಎಂಥಾದ್ದು ಅನ್ನೋದು ಸೀರಿ ಬಿಚ್ಚಿದ ಕೂಡ್ಲೇ ತಿಳೀತು. ನಮ್ಮ ಮನ್ಯಾಗ ಯಾರಿಗೂ ಮಾತೇ ಹೊರಡವಲ್ದು. ನನ್ನ ಹೆಂಡ್ತಿ ಅಂತೂ ಮುಂಜಾನಿಂದ ಅಳಾಕ ಹತ್ಯಾಳ’ ಅಂದ್ರು. ಅಷ್ಟು ಖುಷಿ ಆಗ್ಯಾರ! ಎಲ್ಲಾ ನಿನ್ನ ಕುಚ್ಚಿನ ಪುಣ್ಯ.”

ಪೋಚಮ್ಮ ಅವನ ತೋಳು ಜಗ್ಗಿ, “ಈ ಅಮ್ಮಗೂ ಹೇಳ್ರಿ ಅಯ್ಯೋರೇ, ಸತ್ಯಮ್ಮನ ಸೀರಿ...” ಎಂದು ಶುರುಮಾಡಿದಳು. ವಾದಿರಾಜ ಡಬ್ಬಿಗೆ ಕೈ ಹಾಕಿ ಮೂರು ಪೇಡೆ ತೆಗೆದು ಮೂರೂ ಮುದುಕಿಯರ ಬಾಯಿಗೆ ಒಂದೊಂದು ತುರುಕಿದ.

“ನಾವು ಹೊಂಟ್ವಿ. ಮಕ್ತಲದ ಹನುಮಪ್ಪನ ದರ್ಶನ, ಅಲ್ಲೇ ಊಟ, ಆಮ್ಯಾಲ ಗದ್ವಾಲ” ಎಂದು ವಿಜಯಾಬಾಯಿ ತಿರುಗಿದರು. ಈಗ ಹೇಳಿದರೆ ಉಳಿಯಬಹುದಿತ್ತು. ವಾದಿರಾಜ ಬಾಯಿ ತೆರೆದ. ಬಸ್ಸು ಹೊರಟಿತು.

ಅವನು ತಿರುಪತಿಗೆ ಫೋನ್ ಹಚ್ಚಿದ.

“ತಿರುಪತಿ, ಆ ಸೀರಿ ಕೂಡ್ಲೇ ವಾಪಸ್ ಇಸ್ಕೋ! ಮಡಿಕಿ ಬಿಚ್ಚಬ್ಯಾಡ ಅಂತ ಹೇಳು!”

“ಅದನ್ನ ಉಟ್ಕೊಂಡು ತಿರಗ್ಯಾಡಾಕ ಹತ್ಯಾಳಲ್ರಿ. ಹನುಮಪ್ಪನ ಗುಡಿಗೆ ಹೊಂಟಾಳ. ಮುಂಜಾನಿ ಮೊಮ್ಮಗಳ ತೊಟ್ಟಲ ಕಾರ್ಯ ಇತ್ತು, ಅಲ್ಲಿ ಎಲ್ಲಾರಿಗೂ ಆಕಿನೇ ಸಾರು ಬಡಿಸಿದ್ಲು. ಒಂದ್ ಸ್ವಲ್ಪ ಸೆರಗಿಗೆ ಸಿಡದೈತಿ. ಯಾಕ್ರಿ?”

ವಾದಿರಾಜ ಫೋನ್ ಕಟ್ ಮಾಡಿದ. ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಕತ್ತಲೆ ಬೇಕೆನಿಸುತ್ತದೆ. ಅವನು ಎರಡೂ ಕೈಯಿಂದ ಶಟರ್ ಹಿಡಿದು ಒಳಗಿನಿಂದ ಧಡಾರನೆ ಎಳೆದುಕೊಂಡ. ಒಳಗೆ ಇನ್ನೂ ಮೂರು ಮಂದಿ ಮುದುಕಿಯರಿದ್ದಾರೆ ಎಂಬುದು ಮರೆತುಹೋಗಿತ್ತು.

ಮೂವರೂ ಒಮ್ಮೆಲೇ ಕಿರುಚಿದರು. “ವಾಮ್ಮೋ! ಅಯ್ಯೋರು ಬಾಗ್ಲಾ ಹಾಕ್ಯಾರೋ!” ಎಂಬ ಪೋಚಮ್ಮನ ಕೂಗು ಮಗ್ಗಗಳ ಸದ್ದನ್ನೂ ದಾಟಿ ಗಲ್ಲಿಯ ಕೊನೆ ಮುಟ್ಟಿತು. ಎರಡು ನಿಮಿಷದಲ್ಲಿ ಹೊರಗಿನಿಂದ ಹತ್ತು ಕೈಗಳು ಶಟರ್ ಎತ್ತಿದವು. ಬೆಳಕಿಗೆ ಕಂಡ ದೃಶ್ಯ: ಗಂಟುಗಳನ್ನು ಎದೆಗವಚಿಕೊಂಡ ಮೂರು ಮುದುಕಿಯರು, ಅವರ ಹಿಂದೆ ಮೂಲೆಯಲ್ಲಿ ಫಾಲ್ ಬಟ್ಟೆಯ ರಾಶಿಯ ಮೇಲೆ ಕುಕ್ಕರಗಾಲಲ್ಲಿ ಕೂತ ಮೂರೂರಿನ ವ್ಯಾಪಾರಿ.

ಮೊದಲು ಒಳಗೆ ಬಂದವಳು ಮಲ್ಲೇಶ್ವರಿ. ಅವಳ ಹಿಂದೆ ನೂಲಿನಂಗಡಿಯ ಝಾನ್ಸಿ, ಗಲ್ಲಿಗೆಲ್ಲ ಹಿರಿಯನಾದ ನೇಕಾರ ಅಂಜಯ್ಯ.

“ಏನಾತ್ರಿ ಆಚಾರ್ರೇ?”

ವಾದಿರಾಜ ಹೇಳಿದ. ಚೌಕ, ಗುರುತು, ಸಾರು, ಪೇಡೆ ಎಲ್ಲವನ್ನೂ ಹಿಂದುಮುಂದಾಗಿ ಹೇಳಿದ. ಹೇಳಿ ಮುಗಿಸಿ ತಲೆ ತಗ್ಗಿಸಿ ನಗು ಕೇಳಲು ತಯಾರಾದ. ಯಾರೂ ನಗಲಿಲ್ಲ. ಝಾನ್ಸಿಗೆ ಬಂದಿತ್ತು, ಮಲ್ಲೇಶ್ವರಿ ಅವಳ ಕಾಲು ತುಳಿದಳು.

“ಉಟ್ಟ ಸೀರಿ ಹೆಣ್ಣಿಗೆ ಕೊಡಾಕ ಬರಂಗಿಲ್ಲ. ಅದು ಹೋತು” ಎಂದಳು ಮಲ್ಲೇಶ್ವರಿ. “ಯಾರ ಮಗ್ಗದ್ದು ಅದು?”

“ಪೆದ್ದಯ್ಯಂದು.”

ಅಂಜಯ್ಯ ಕನ್ನಡಕ ಸರಿಮಾಡಿಕೊಂಡ. ನಾರಾಯಣಪೇಟೆಯಲ್ಲಿ ಮಗ್ಗಕ್ಕೆ ಒಂದು ಸಲ ಉದ್ದೆಳೆಗಳ ಹಾಸು ಏರಿಸಿದರೆ ಎಂಟು ಸೀರೆಯ ಉದ್ದ ಏರಿಸುತ್ತಾರೆ. ಎಂಟಕ್ಕೂ ಒಂದೇ ನೂಲು, ಒಂದೇ ಬಣ್ಣ. “ಏಳು ಇಳಿಸ್ಯಾನ. ಎಂಟನೇದು ಮಗ್ಗದ ಮ್ಯಾಲೈತಿ” ಎಂದವನೇ ಹೊರಗೋಡಿದ. ಅರವತ್ತೆಂಟರ ಅಂಜಯ್ಯ ಓಡಿದ್ದನ್ನು ಗಲ್ಲಿ ಅದೇ ಮೊದಲು ನೋಡಿದ್ದು. ಹತ್ತು ನಿಮಿಷಕ್ಕೆ ಸುದ್ದಿ ಬಂತು. ಇನ್ನೊಂದು ಮೊಳ ನೇಯಬೇಕು. ಆ ಸೀರೆ ಹೈದರಾಬಾದಿನ ಅಂಗಡಿಗೆ ಹೋಗಬೇಕಾದದ್ದು. ಪೆದ್ದಯ್ಯ ಅವರಿಗೆ ಮುಂದಿನ ಹಾಸಿನಲ್ಲಿ ಕೊಡುತ್ತಾನಂತೆ. ಈಗ ಅವನೂ ಅಂಜಯ್ಯನೂ ಪಾಳಿಯ ಮೇಲೆ ಲಾಳಿ ಎಸೆಯುತ್ತಿದ್ದಾರೆ.

“ನೀವು ಮೊದ್ಲು ಗದ್ವಾಲಕ್ಕ ಫೋನ್ ಮಾಡಿ ಖರೇ ಹೇಳ್ರಿ” ಎಂದಳು ಮಲ್ಲೇಶ್ವರಿ.

ಹುಡುಗಿಯ ತಂದೆ ಸುಶಮೀಂದ್ರಾಚಾರ್ಯರು ನಿವೃತ್ತ ನಾಯಬ್ ತಹಸೀಲ್ದಾರರು. ಬಸ್ಸಿನಿಂದ ಚೀಲ ಇಳಿಸಿಕೊಳ್ಳುವವರೆಂದು ಅವರ ನಂಬರು ವಾದಿರಾಜನ ಹತ್ತಿರ ಇತ್ತು. ವಾದಿರಾಜನ ಮಾತನ್ನು ಪೂರ್ತಿ ಕೇಳಿದರು. ಆಮೇಲೆ ಕೇಳಿದರು: “ಇದನ್ನ ನಿನಗ ಹೇಳಿಕೊಟ್ಟವ್ರು ಯಾರು? ಬೀಗರೇನು?”

“ಇಲ್ರಿ! ಚೀಲ ಅದಲುಬದಲು ಆಗ್ಯಾವ್ರಿ!”

“ಹೊಸಾ ಸೀರಿ ತಾವಿಟ್ಕೊಂಡು ಹರಕ ಸೀರಿ ಕಳಿಸಿ, ಈಗ ದರ್ಜಿ ಕೈಲೆ ಜವಾಬು ಕೊಡಸ್ತಾರ. ಬರ್ಲಿ ಅವರು. ನಾಕು ಮಂದಿ ಮುಂದ ವಿಚಾರಣಾ ಆಗ್ಲಿ. ನನ್ನ ಮಗಳ ಬದುಕಿನ ಪ್ರಶ್ನೆ ಇದು.” ಫೋನು ಕಟ್ಟಾಯಿತು.

ವಿಜಯಾಬಾಯಿಯವರ ಫೋನು ಹತ್ತಲೇ ಇಲ್ಲ. ಪ್ರಯಾಣದಲ್ಲಿ ಚಾರ್ಜು ಖರ್ಚಾಗುತ್ತದೆಂದು ಅವರು ಅದನ್ನು ಬಂದ್ ಮಾಡಿಡುವ ಪೈಕಿ. ಬಸ್ಸಿನಲ್ಲಿ ಉಳಿದ ಯಾರ ನಂಬರೂ ವಾದಿರಾಜನ ಹತ್ತಿರ ಇರಲಿಲ್ಲ.

ಒಂದು ಗಂಟೆಗೆ ಸೀರೆ ಬಂತು. ಮಗ್ಗದ ಬಿಸಿ ಇನ್ನೂ ಆರಿರಲಿಲ್ಲ. ಫಾಲ್ ಹಚ್ಚಲು ಎರಡು ತಾಸು ಬೇಕು, ಕುಚ್ಚಿಗೆ ನಾಲ್ಕು ತಾಸು. ಇದ್ದದ್ದು ಎರಡೂ ಕೂಡಿ ಒಂದೂಮುಕ್ಕಾಲು ತಾಸು. ಗಲ್ಲಿಯ ನಡುವೆ ಚಾಪೆ ಹಾಸಿದರು. ಝಾನ್ಸಿ ತನ್ನ ಅಂಗಡಿಯ ಕುಂಕುಮ ಬಣ್ಣದ ರೇಷ್ಮೆ ದಾರವೆಲ್ಲ ತಂದು ಸುರಿದಳು. ಸೆರಗಿನ ಕಡೆ ಮಲ್ಲೇಶ್ವರಿ ಕೂತಳು. ಹತ್ತು ಎಣಿಸುವಷ್ಟರಲ್ಲಿ ಪೋಚಮ್ಮ ಅವಳ ಪಕ್ಕಕ್ಕೆ ಸರಿದು ಕುಂಡೆಯೂರಿದಳು.

“ನೀವು ಕೂಡ್ರಿ ಅವ್ವ, ನಿಮಗ್ಯಾಕ” ಎಂದಳು ಮಲ್ಲೇಶ್ವರಿ.

“ಏಮಮ್ಮಾ, ನನ್ನ ಕೈ ನೋಡೀಯೇನ? ಮೂವತ್ತು ವರ್ಷ ಮಗ್ಗದಾಗ ಇದ್ದಾಕಿ ನಾನು. ದಾರ ಕೊಡು.”

ಮೂರೂ ಮುದುಕಿಯರು ಕುಚ್ಚಿಗೆ ಕೂತರು. ಇನ್ನೊಂದು ತುದಿಯಲ್ಲಿ ವಾದಿರಾಜ ಫಾಲ್ ಹಿಡಿದ. ಮೊದಲ ಐದು ನಿಮಿಷ ಸೂಜಿ ಸೀರೆಗಿಂತ ಹೆಚ್ಚು ಅವನ ಬೆರಳಿಗೇ ಚುಚ್ಚಿತು. ಆಮೇಲೆ ಕೈಗೆ ಕೆಲಸದ ನೆನಪು ಬಂತು. ಯಾರೋ ಆಗಾಗ ಹೊತ್ತೆಷ್ಟಾಯಿತೆಂದು ಹೇಳುತ್ತಿದ್ದರು. ಪ್ರತಿ ಸಲವೂ ಎಲ್ಲರ ಕೈ ಇನ್ನಷ್ಟು ಬೇಗ ಓಡುತ್ತಿತ್ತು. ಎರಡೂಮುಕ್ಕಾಲಿಗೆ ಮಲ್ಲೇಶ್ವರಿ ಕೊನೆಯ ಗಂಟು ಹಾಕಿ ಹಲ್ಲಿನಿಂದ ದಾರ ಕಡಿದಳು.

ನೂಲು ಸಾಗಿಸುವ ಸಾಯಿಪ್ರಸಾದನ ಗೂಡ್ಸ್ ಆಟೋ ಆಗಲೇ ಚಾಲೂ ಆಗಿ ನಿಂತಿತ್ತು. ಸೀರೆಯ ಚೀಲ ಎದೆಗವಚಿಕೊಂಡು ವಾದಿರಾಜ ಹತ್ತಿದ. ಮಲ್ಲೇಶ್ವರಿಯೂ ಹತ್ತಿದಳು. “ನೀವು ಒಬ್ರೇ ಹೋದ್ರ ಬೀದರ್ ಮುಟ್ಟತೀರಿ.” ಸಾಕ್ಷಿಗೆಂದು ಅಂಜಯ್ಯ ಹತ್ತಿದ. ಊರಿಗೆ ಹೋಗಬೇಕಲ್ಲ ಎಂದು ಮುದುಕಿಯರೂ ಹತ್ತಿದರು.

ದಾರಿಯಲ್ಲಿ ಮಲ್ಲೇಶ್ವರಿ ತಿರುಪತಿಗೆ ಫೋನ್ ಹಚ್ಚಿ ಎಲ್ಲ ಹೇಳಿದ್ದಳು. ಮಕ್ತಲದ ಬಸ್ ಸ್ಟ್ಯಾಂಡಿನ ಮುಂದೆ ಅವನು ರಸ್ತೆಯ ನಡುವೆ ನಿಂತು ಕೈ ಬೀಸುತ್ತಿದ್ದ. ಪಕ್ಕದಲ್ಲಿ ಗಿಣಿಹಸಿರು ಸೀರೆ ಉಟ್ಟು, ಸೆರಗಿನ ಮೇಲೆ ಅಂಗೈಯಗಲ ಸಾರಿನ ಕಲೆ ಹೊತ್ತ ಸತ್ಯಮ್ಮ.

“ನನ್ನ ಮದುವಿ ಸೀರಿ ಗದ್ವಾಲದಾಗ ಐತಂತಲ್ಲೋ ಅಯ್ಯೋರೇ? ನಡೀರಿ, ನಾನೂ ಬರ್ತೀನಿ” ಎಂದು ಯಾರ ಅಪ್ಪಣೆಗೂ ಕಾಯದೆ ಹತ್ತಿ ಕೂತಳು. ಅವಳು ಹತ್ತಿದ್ದು ನೋಡಿ ಪೋಚಮ್ಮ ಇಳಿಯಲಿಲ್ಲ. ಪೋಚಮ್ಮ ಇಳಿಯಲಿಲ್ಲವೆಂದು ಉಳಿದಿಬ್ಬರೂ ಇಳಿಯಲಿಲ್ಲ.

ಜೂರಾಲ ಆಣೆಕಟ್ಟಿನ ದಾರಿಯಲ್ಲಿ ಕುರಿಮಂದೆ ಅಡ್ಡ ಬಂತು. ಸಾಯಿಪ್ರಸಾದ ಹಾರ್ನ್ ಹೊಡೆದ, ಕುರಿಗಳು ಅವನ ಕಡೆ ನೋಡಿದವು. ವಾದಿರಾಜ ಇಳಿದು, ಕೈ ಮುಗಿದು, ಒಂದೊಂದನ್ನೇ ಪಕ್ಕಕ್ಕೆ ತಳ್ಳಿದ. ಗದ್ವಾಲದಲ್ಲಿ ಮನೆ ಹುಡುಕಿ ಮುಟ್ಟುವಾಗ ಐದೂವರೆ.

ಮನೆಯ ಮುಂದೆ ಶಾಮಿಯಾನ. ಒಂದು ಕಡೆ ಗಂಡಿನವರು, ಇನ್ನೊಂದು ಕಡೆ ಹೆಣ್ಣಿನವರು. ಬಂದು ಅರ್ಧ ತಾಸಾದರೂ ಗಂಡಿನವರಿಗೆ ಕುಡಿಯಲು ನೀರು ಬಂದಿರಲಿಲ್ಲ. ಬೀಗರಿಗೆ ಸಂತೋಷದಿಂದ ಇನ್ನೂ ಮಾತು ಹೊರಡುತ್ತಿಲ್ಲವೆಂದೇ ವಿಜಯಾಬಾಯಿ ತಿಳಿದಿದ್ದರು. ಆಗ ಸುಶಮೀಂದ್ರಾಚಾರ್ಯರು ಒಳಗಿನಿಂದ ಬೆಳ್ಳಿ ತಟ್ಟೆ ತಂದು ನಡುವೆ ಇಟ್ಟರು. ತಟ್ಟೆಯಲ್ಲಿ ಮೆಂತ್ಯದ ಬಣ್ಣದ, ರಫು ಹಾಕಿದ ಸೀರೆ.

“ಬೀಗಿತ್ತಿಯವ್ರೇ, ಇದನ್ನ ಉಟ್ಟು ನನ್ನ ಮಗಳು ಹಸಿಮಣಿ ಮ್ಯಾಲ ಕೂಡಬೇಕೇನ್ರಿ?”

ವಿಜಯಾಬಾಯಿ ಎದ್ದು ನಿಂತರು. “ಇದು ನಾ ಕಳಿಸಿದ್ದಲ್ಲ!”

“ನೀವು ಹೇಳಿದ ಬಸ್ಸಿಗೇ, ನೀವು ಹೇಳಿದ ಚೀಲದಾಗೇ ಬಂದೈತಿ.”

“ನಲವತ್ತು ವರ್ಷ ಮಕ್ಕಳಿಗೆ ಖರೇ ಹೇಳ್ರಿ ಅಂತ ಕಲಿಸಿದಾಕಿ ನಾನು! ರಾಘು, ಏಳು. ಇಂಥಾ ಮಾತು ಕೇಳಿಸ್ಕೊಂಡು ಇಲ್ಲಿ ಕೂಡೂದು ಬ್ಯಾಡ.”

ರಾಘು ಅರ್ಧ ಎದ್ದ. ಬಾಗಿಲ ಮರೆಯಲ್ಲಿ ನಿಂತಿದ್ದ ಕೃಷ್ಣಪ್ರಿಯಾಳ ಕಣ್ಣು ನೋಡಿ ಅಲ್ಲೇ ತಡೆದ. ಕೂರಲೂ ಆಗದೆ, ಏಳಲೂ ಆಗದೆ, ಕುರ್ಚಿಯ ಎರಡು ಕೈ ಹಿಡಿದು ನಡುವೆ ನಿಂತ. ಸರಿಯಾಗಿ ಆ ಹೊತ್ತಿಗೆ ಗೂಡ್ಸ್ ಆಟೋ ಶಾಮಿಯಾನದ ಒಂದು ಹಗ್ಗ ಕಿತ್ತುಕೊಂಡು ಒಳಗೆ ಬಂದು ನಿಂತಿತು.

ವಾದಿರಾಜ ಇಳಿದ. ದಾರಿಯುದ್ದಕ್ಕೂ ಒಂದು ದೊಡ್ಡ ಮಾತು ಹೊಂದಿಸಿಕೊಂಡು ಬಂದಿದ್ದ. ಇನ್ನೂರು ಕಣ್ಣು ನೋಡಿ ಅದೆಲ್ಲ ಹಾರಿಹೋಗಿ, “ತಪ್ಪು ನಂದ್ರೀ” ಎಂದಷ್ಟೇ ಹೊರಬಂತು. “ಬೀಗರದಲ್ಲ. ಚೌಕದಾಗ ಗುರುತು ಹಾಕಿದವ ನಾನು.”

“ಫೋನಿನ್ಯಾಗ ಮಾತಾಡಿದವ ನೀನೇ ಏನು?” ಸುಶಮೀಂದ್ರಾಚಾರ್ಯರು ಕುರ್ಚಿ ಎಳೆದು ಕೂತರು. “ಮೂವತ್ತು ವರ್ಷ ತಹಸೀಲ ಕಚೇರಿಯಾಗ ಪಂಚನಾಮೆ ಬರದವ ನಾನು. ಸಾಕ್ಷಿ ಯಾರು?”

ವಾದಿರಾಜ ಹಿಂತಿರುಗಿ ನೋಡಿದ. ಆಟೋದಿಂದ ಅಂಜಯ್ಯ ಇಳಿದ, ಮಲ್ಲೇಶ್ವರಿ ಇಳಿದಳು, ಸಾಯಿಪ್ರಸಾದ ಇಳಿದ, ಮೂರು ಮುದುಕಿಯರು ಒಬ್ಬರ ಭುಜ ಒಬ್ಬರು ಹಿಡಿದು ಇಳಿದರು. “ನಾವ್ರಿ” ಎಂದಳು ಮಲ್ಲೇಶ್ವರಿ. “ಇವ್ರು ಗಡಿಬಿಡಿ ಮನುಷಾ. ಖೋಟಿ ಮನುಷಾ ಅಲ್ಲ.”

ಕೊನೆಗೆ ಸತ್ಯಮ್ಮ ಇಳಿದಳು. ವಿಜಯಾಬಾಯಿ ಕಣ್ಣು ದೊಡ್ಡದು ಮಾಡಿದರು. “ಈಕಿ ಹನುಮಪ್ಪನ ಗುಡ್ಯಾಗ ನಮ್ಮ ಸಾಲಿನ್ಯಾಗೇ ನಿಂತಿದ್ಲು! ಸೀರಿ ಎಷ್ಟು ಚೆಂದ ಐತಿ ಅಂತ ನಾನೇ ಅಂದಿದ್ದೆ!”

ಸತ್ಯಮ್ಮ ಅದ್ಯಾವುದನ್ನೂ ಕೇಳಿಸಿಕೊಳ್ಳಲಿಲ್ಲ. ನೆಟ್ಟಗೆ ಬೆಳ್ಳಿ ತಟ್ಟೆಯ ಹತ್ತಿರ ಹೋಗಿ ಹಳೇ ಸೀರೆ ಎತ್ತಿ ಮುಖಕ್ಕೆ ಒತ್ತಿಕೊಂಡಳು. “ಇದು ನಂದು. ನನ್ನ ಗಂಡ ತಾನೇ ನೇದು ಕೊಟ್ಟಿದ್ದ. ನೋಡ್ರಿ, ಅಂಚಿನ್ಯಾಗ ಒಂದು ಎಳಿ ತಪ್ಪ್ಯಾನ. ಮದುವಿ ಅವಸರದಾಗ.” ಸುಶಮೀಂದ್ರಾಚಾರ್ಯರು ಕನ್ನಡಕ ಹಾಕಿ ಅಂಚು ನೋಡಿದರು. ಎಳೆ ತಪ್ಪಿತ್ತು. ಕನ್ನಡಕ ತೆಗೆದು ಮಡಿಸಿ ಜೇಬಿಗಿಟ್ಟರು. ಅವರ ಪಂಚನಾಮೆಯಲ್ಲಿ ಬರೆಯಲು ಇನ್ನೇನೂ ಉಳಿದಿರಲಿಲ್ಲ.

ವಾದಿರಾಜ ಚೀಲ ಮುಂದೆ ಚಾಚಿದ. ಹುಡುಗಿಯ ತಾಯಿ ಒಳಗಿನಿಂದ ಕುಪ್ಪಸ ತಂದು ಸೀರೆಯ ಪಕ್ಕಕ್ಕಿಟ್ಟು, ಬಿಸಿಲಿಗೆ ಹಿಡಿದು, ತಿರುಗಿಸಿ, ಇನ್ನೊಮ್ಮೆ ಹಿಡಿದರು.

“ಒಂದೇ ಬಣ್ಣ” ಎಂದರು ತಾಯಿ.

“ರಾಘು, ಕೂಡು” ಎಂದರು ವಿಜಯಾಬಾಯಿ. ಅವನು ಧೊಪ್ಪನೆ ಕೂತ. ಎಲ್ಲರಿಗೂ ನೀರು ಬಂತು.

ನಿಶ್ಚಿತಾರ್ಥ ಮುಗಿದು ಊಟವೂ ಆದ ಮೇಲೆ ವಿಜಯಾಬಾಯಿ ಗಲ್ಲಿಯವರು ನಿಂತ ಕಡೆಗೆ ಬಂದರು. ಸಾರಿನ ಕಲೆಯ ಸೀರೆ ಸತ್ಯಮ್ಮನಿಗೇ ಇರಲಿ ಎಂದರು. ಆಮೇಲೆ ದನಿ ಬದಲಾಯಿತು. “ಮದುವಿಗೆ ಹನ್ನೊಂದು ಸೀರಿ ಅದಾವ. ಇವನ ಕೈಗೆ ಒಂದೂ ಕೊಡಂಗಿಲ್ಲ. ಮಲ್ಲೇಶ್ವರಿ, ಎಲ್ಲಾ ನೀನೇ ಮಾಡು.”

ವಾದಿರಾಜ ನೆಲ ನೋಡಿದ. ತಪ್ಪೇನೂ ಇರಲಿಲ್ಲ, ಅವನೇ ಹೆಡ್ ಮಾಸ್ತರ್ತಿಯಾಗಿದ್ದರೂ ಹಾಗೇ ಅನ್ನುತ್ತಿದ್ದ.

“ಕುಚ್ಚು ನಾ ಕಟ್ತೀನ್ರಿ ಅಮ್ಮಾರ” ಎಂದಳು ಮಲ್ಲೇಶ್ವರಿ. “ಫಾಲ್ ಇವ್ರೇ ಹಚ್ಚಬೇಕು. ಇವತ್ತು ಒಂದೇ ಸೀರಿಗೆ ಕೂತು ನೋಡೀನಿ. ಇಂಥಾ ಸಣ್ಣ ಹೊಲಿಗಿ ನಮ್ಮ ಗಲ್ಲಿಯಾಗ ಯಾರಿಗೂ ಬರಂಗಿಲ್ಲ, ನನಗೂ ಬರಂಗಿಲ್ಲ. ಚೀಲದ ಮ್ಯಾಲ ಬರಿಯೋದು ಮಾತ್ರ ನಾ ಬರೀತೀನಿ.”

ವಿಜಯಾಬಾಯಿ ಇಬ್ಬರನ್ನೂ ಒಂದು ಸಲ ನೋಡಿ, “ನೋಡ್ಕೋರಿ ಮತ್ತ” ಎಂದು ಹೋದರು. ಮೂರೂರಿನ ವ್ಯಾಪಾರ ಎಂದು ವಾದಿರಾಜನನ್ನು ಇದುವರೆಗೆ ಹೊಗಳಿದವನು ವಾದಿರಾಜನೊಬ್ಬನೇ. ಹೊಲಿಗೆ ಚೆನ್ನಾಗಿದೆ ಎಂದು ಈವರೆಗೆ ಯಾರೂ ಹೇಳಿರಲಿಲ್ಲ. ಆಟೋದಲ್ಲಿ ಕೂತ ಮೇಲೆ ಕಣ್ಣಿಗೆ ದೂಳು ಹೋಯಿತೆಂದು ಧೋತರದ ಚುಂಗಿನಿಂದ ಎರಡು ಸಲ ಒರೆಸಿಕೊಂಡ. ಆಟೋ ಇನ್ನೂ ಹೊರಟಿರಲಿಲ್ಲ.

“ಆಚಾರ್ರೇ,” ಎಂದ ಅಂಜಯ್ಯ, “ನಾಳೆ ಹತ್ತಕ್ಕ ಪೆದ್ದಯ್ಯನ ಮಗ್ಗಕ್ಕ ಹೊಸಾ ಹಾಸು ಏರಸೋದೈತಿ. ಹಿಡಿಯಾಕ ಮಂದಿ ಬೇಕು. ಬರ್ತೀರೇನು?”

“ಬರ್ತೀನ್ರಿ” ಎಂದ ವಾದಿರಾಜ.

ಹೇಳಿದ ಹಾಗೆಯೇ ಮರುದಿನ ಒಂಬತ್ತೂವರೆಗೇ ಹೋದ. ತಪ್ಪು ಮನೆಗೆ ಹೋದ. ಅಲ್ಲಿಯೂ ಹಾಸು ಏರುತ್ತಿತ್ತು, ಅಲ್ಲಿಯೂ ಮಂದಿ ಬೇಕಾಗಿತ್ತು. ಯಾರು, ಯಾಕೆ ಎಂದು ಯಾರೂ ಕೇಳಲಿಲ್ಲ. “ಬರ್ರಿ ಆಚಾರ್ರೇ, ಈ ತುದಿ ಹಿಡೀರಿ” ಎಂದರು. ಅವನು ಹಿಡಿದ.